ಶ್ರಾವಣಕ್ಕೆ ಬೇಕಾದ ಕಳೆ

ನಮ್ಮ ಮನೆಯಲ್ಲಿ ಕಳೆಯ ವಿಷಯಕ್ಕೆ ತಾಯಿ ಮಗ ಹೆಚ್ಚುಕಡಿಮೆ ಒಂದು ವರ್ಷ ಜಗಳವಾಡಿದರು. ಮುಖಾಮುಖಿ ಆಡಿದ ಮಾತು ಕಡಿಮೆ. ಇಬ್ಬರ ನಡುವೆ ನಾನಿದ್ದೆ. ನಡುವೆ ಇದ್ದೆ ಎಂದರೆ ನ್ಯಾಯ ಹೇಳಿದೆ ಎಂದಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಒಬ್ಬರ ದೂರು, ಸಂಜೆ ಚಪ್ಪಲಿ ಬಿಡುವಾಗ ಇನ್ನೊಬ್ಬರ ದೂರು ಕೇಳಿಸಿಕೊಳ್ಳುತ್ತಿದ್ದೆ, ಅಷ್ಟೇ.

ಹಬ್ಬುವಾಡದ ನಮ್ಮ ಮನೆಯ ಎದುರು, ಜಗಲಿಯ ಮೆಟ್ಟಿಲಿಗೆ ತಾಗಿಕೊಂಡೇ ಒಂದು ಹೂವಿನ ಪಾತಿ ಇದೆ. ಸುತ್ತ ಚಿರೆಕಲ್ಲಿನ ಅಂಚು, ಒಳಗೆ ಆಬೋಲಿ ಎನ್ನುವ ಕನಕಾಂಬರ, ಸೇವಂತಿಗೆ, ಎರಡು ಗುಲಾಬಿ, ಮೂಲೆಯಲ್ಲಿ ಒಂದು ರತ್ನಗಂಧಿ. ಅದನ್ನು ಮಾಡಿದವರು ಮಾಯಿ, ಎಂದರೆ ನನ್ನ ಅತ್ತೆ. ಮಾಯಿಯ ತವರು ಕೇಣಿ, ನನ್ನದು ಬೊಬ್ರುವಾಡ, ಎರಡೂ ಅಂಕೋಲೆಯವೇ. ನಮ್ಮ ಮನೆಯ ಮಾತು ಕೊಂಕಣಿಯಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಮಾಯಿಗೆ ಸಿಟ್ಟು ಬಂದರೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಅಂಕೋಲೆ ಕನ್ನಡವೇ.

ಪಾತಿ ಮಾಯಿಯದಾದರೂ ಅದರ ಹೂವು ಮಾಯಿಯದಲ್ಲ. ಮಾವ ತೀರಿಕೊಂಡ ಮೇಲೆ ಅವರು ಹೂ ಮುಡಿದವರಲ್ಲ. ದಾರಿಯಲ್ಲಿ ಹೋಗುವವರು ನಿಂತು, ಆಬೋಲಿ ಚೆಂದ ಬಂದಿದೆಯಲ್ಲ, ಯಾರ ಗಿಡ ಎಂದು ಕೇಳಿದರೆ, ಮಣ್ಣು ಮೆತ್ತಿದ ಕೈಯನ್ನೇ ನನ್ನ ಕಡೆ ತೋರಿಸಿ "ನಮ್ಮ ಸೊಸೆದು" ಎನ್ನುತ್ತಿದ್ದರು. ನಾನು ಆ ಪಾತಿಗೆ ಒಂದು ಚೊಂಬು ನೀರು ಹಾಕಿದವಳಲ್ಲ. ಮೊದಮೊದಲು ಅಲ್ಲ ಎಂದು ತಿದ್ದುತ್ತಿದ್ದೆ. ಆಮೇಲೆ ಬಿಟ್ಟೆ. ಮಾಯಿಯನ್ನು ತಿದ್ದುವುದೂ ಗೋಡೆಗೆ ಹಣೆ ಚಚ್ಚಿಕೊಳ್ಳುವುದೂ ಒಂದೇ. ಗೋಡೆಗೆ ಏನೂ ಆಗುವುದಿಲ್ಲ.

ಜಗಳ ಶುರುವಾದದ್ದು ಹಿಂದಿನ ಮಳೆಗಾಲದಲ್ಲಿ. ಒಂದು ಸಂಜೆ ನಾನು ಆಫೀಸಿನಿಂದ ಬರುವಾಗ ಮಾಯಿ ಜಿನುಗುವ ಮಳೆಯಲ್ಲಿ, ಪಾತಿಯ ಬದಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಒಂದು ಕೈಯಲ್ಲಿ ಗುಲಾಬಿಗೆ ಕೊಟ್ಟ ಆಧಾರದ ಕೋಲು, ಇನ್ನೊಂದರಲ್ಲಿ ಒಂದು ಹಿಡಿ ಹುಲ್ಲು. ಸೀರೆ ಮೈಗೆ ಅಂಟಿತ್ತು. ಕಳೆ ಕೀಳಲು ಕೂತವರಿಗೆ ಏಳಲಾಗಿರಲಿಲ್ಲ. ನಾನು ಹಿಂದಿನಿಂದ ಅಪ್ಪಿ ಎತ್ತಿ ಜಗಲಿಯ ಮೇಲೆ ಕೂರಿಸುವಷ್ಟರಲ್ಲಿ ನನ್ನ ಸೊಂಟವೂ ಹಿಡಿದುಕೊಂಡಿತು.

"ಕೂಗಬಾರದಾಗಿತ್ತಾ ಮಾಯಿ? ಇವರು ಒಳಗೇ ಇದ್ದಾರಲ್ಲ" ಎಂದೆ.

"ಕೂಗಿ ಎಂತ ಮಾಡೂದು ಗೋ. ಅವ ಊಟ ಮಾಡಿ ನಿದ್ದೆ ಹೋಗಿದ್ದ. ಹ್ಯಾಂಗೂ ಕೂತಾಗಿತ್ತು, ಇನ್ನೆರಡು ಹುಲ್ಲು ಕಿತ್ತೆ."

ಡಾಕ್ಟರು ಎರಡೂ ಮೊಣಕಾಲು ಒತ್ತಿ ನೋಡಿ, ಇನ್ನು ನೆಲಕ್ಕೆ ಕುಕ್ಕರಿಸಬೇಡಿ, ಇನ್ನೊಂದು ಸಲ ಹೀಗಾದರೆ ಹಾಸಿಗೆ ಬಿಟ್ಟು ಏಳುವುದು ಕಷ್ಟ ಎಂದರು. ಒಂದು ಊರುಗೋಲು ಬಂತು, ತುದಿಗೆ ರಬ್ಬರಿನ ಟೊಪ್ಪಿ ಇದ್ದದ್ದು. ಡಾಕ್ಟರ ಮಾತನ್ನು ಮಾಯಿ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವರು ಇವರು, ನನ್ನ ಗಂಡ. ತಾಯಿ ಹೊರಗೆ ಮಳೆಯಲ್ಲಿ ಏಳಲಾರದೆ ಕೂತಿದ್ದಾಗ ತಾನು ಒಳಗೆ ಫ್ಯಾನ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದೆ ಎಂಬುದು ಇವರಿಗೆ ಚುಚ್ಚಿತು. ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಪೈಕಿಯವರಲ್ಲ. ಬದಲಿಗೆ, "ಕಳೆ ಇದ್ರೆ ಆಯಿ ಕೂರ್ತಾಳೆ, ಕೂತ್ರೆ ಏಳೂದಿಲ್ಲ. ಕಳೆನೇ ಇರಬಾರ್ದು" ಎಂದರು.

ಲೆಕ್ಕ ಸರಿಯೇ ಇತ್ತು. ಆದರೆ ಆ ಪಾತಿಯ ಕಳೆಗೆ ಇನ್ನೊಂದು ಕೆಲಸವೂ ಇತ್ತು, ಮತ್ತು ಅದು ಗೊತ್ತಿದ್ದೂ ಆಗ ನಮ್ಮಿಬ್ಬರಿಗೂ ನೆನಪಾಗಲಿಲ್ಲ.

ನಮ್ಮಲ್ಲಿ ಶ್ರಾವಣದ ಶುಕ್ರವಾರ ಮತ್ತು ರವಿವಾರ ಮುತ್ತೈದೆಯರು ಚೂಡಿ ಪೂಜೆ ಮಾಡುತ್ತಾರೆ. ಚೂಡಿ ಎಂದರೆ ಒಂದು ಸಣ್ಣ ಕಟ್ಟು, ಹೆಬ್ಬೆರಳಿನಷ್ಟು. ನಡುವೆ ರತ್ನಗಂಧಿಯದೋ ಇನ್ನೊಂದರದೋ ಹೂವು ಒಂದಿರುತ್ತದೆ. ಉಳಿದದ್ದೆಲ್ಲ ಮಳೆಗೆ ಅಂಗಳದಲ್ಲಿ ತಾನಾಗಿ ಹುಟ್ಟುವ ಪುಡಿ ಗಿಡಗಳು. ಗರಿಕೆ ಬೇಕೇ ಬೇಕು. ಕಾಗೆಯ ಕಣ್ಣು, ಬೆಕ್ಕಿನ ಉಗುರು ಎಂದು ಅರ್ಥವಾಗುವ ಕೊಂಕಣಿ ಹೆಸರಿನವು ಕೆಲವು ಬೇಕು. ಇವನ್ನೆಲ್ಲ ಜೋಡಿಸಿ ನೆನೆಸಿದ ಬಾಳೆನಾರಿನಿಂದ ಕಟ್ಟುತ್ತಾರೆ. ತುಳಸಿಗೆ ಇಟ್ಟು, ಹೊಸಿಲಿಗೆ ಇಟ್ಟು, ಗಂಡನಿಗೆ ಕೊಟ್ಟು, ಹಿರಿಯರಿಗೆ ನಮಸ್ಕರಿಸಿ, ನೆರೆಮನೆಯ ಹೆಂಗಸರೊಂದಿಗೆ ಬದಲಾಯಿಸಿಕೊಳ್ಳುವುದು ಪದ್ಧತಿ. ಹನ್ನೊಂದು ತಿಂಗಳು ಕಿತ್ತು ಎಸೆಯುವುದನ್ನು ಆ ಒಂದು ತಿಂಗಳು ದೇವರ ತಲೆಗೆ ಏರಿಸುತ್ತೇವೆ.

ಗಂಡ ಸತ್ತವರಿಗೆ ಈ ಪೂಜೆ ಇಲ್ಲ. ಈ ನಿಯಮದ ಮೇಲೆ ನನಗೆ ಸಿಟ್ಟಿದೆ. ಮದುವೆಯಾದ ಹೊಸತರಲ್ಲಿ ಮಾಯಿಗೆ ಅದನ್ನು ಹೇಳಿಯೂ ಇದ್ದೆ. "ಇರ್ಲಿ ಬಿಡು ಗೋ. ಪೂಜೆ ಇಲ್ಲ ಅಂದಾರೆ, ಕಟ್ಟೂದು ಬ್ಯಾಡ ಅಂತ ಯಾರೂ ಅನ್ನಲಿಲ್ಲ" ಎಂದಿದ್ದರು. ಹಾಗೆ ಚೂಡಿ ಕಟ್ಟುವುದನ್ನು ಮಾಯಿ ತಮ್ಮದು ಮಾಡಿಕೊಂಡಿದ್ದರು. ಬೆಳಕು ಹರಿಯುವ ಹೊತ್ತಿಗೆ ಪಾತಿಯಲ್ಲಿ ಆರಿಸಿ, ಜಗಲಿಯ ಮೇಲೆ ಹರಡಿ, ಕಟ್ಟಿ, ನನಗೆ ಮಾತ್ರವಲ್ಲ, ಓಣಿಯ ಹೆಂಗಸರಿಗೂ ಕೊಡುತ್ತಿದ್ದರು. ಆ ತಿಂಗಳು ನಮ್ಮ ಅಂಗಳಕ್ಕೆ ಬಂದವರೆಲ್ಲ ಮೊದಲು ಮಾಯಿಯನ್ನೇ ಹುಡುಕುತ್ತಿದ್ದರು. ಆ ದಿನಗಳಲ್ಲಿ ಮಾಯಿಯ ಮುಖದ ಮೇಲೆ ಇರುತ್ತಿದ್ದ ಗತ್ತು ನನಗೆ ಇಷ್ಟ. ಉಳಿದ ದಿನ ಆ ಗತ್ತು ಇರುತ್ತಿರಲಿಲ್ಲ.

ಇವರು ರಸ್ತೆ ಕೆಲಸದಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೈಗೆ ಸಿಕ್ಕ ಮೊದಲ ದೊಡ್ಡ ಕಾಮಗಾರಿ ಈ ಪಾತಿ. ಮೊಬೈಲಿನಲ್ಲಿ ಯಾರ‍್ಯಾರೋ ಮಲ್ಚಿಂಗ್ ಮಾಡುವುದನ್ನು ನೋಡಿದರು. ನೆಲವನ್ನು ಹೊದಿಸಿಬಿಟ್ಟರೆ ಬಿಸಿಲು ತಾಗುವುದಿಲ್ಲ, ಬಿಸಿಲು ತಾಗದಿದ್ದರೆ ಬೀಜ ಮೊಳೆಯುವುದಿಲ್ಲ, ಇಷ್ಟೇ ವಿದ್ಯೆ ಎಂದು ನನಗೆ ಪಾಠ ಮಾಡಿದರು. ನಮ್ಮ ಕಡೆ ಶುಂಠಿಗೆ, ಅರಿಶಿನಕ್ಕೆ ಸೊಪ್ಪು ಹೊದಿಸುವುದು ಹುಟ್ಟಿದಾಗಿನಿಂದ ನೋಡಿದವಳು ನಾನು. ಆದರೂ ಹೌದಾ ಎಂದೆ. ಗಂಡಸರು ಹೊಸದಾಗಿ ಕಲಿತದ್ದನ್ನು ಹೇಳುವಾಗ ಅಡ್ಡ ಮಾತಾಡಿದರೆ ಪಾಠ ಉದ್ದವಾಗುತ್ತದೆ.

ಮೊದಲ ಹೊದಿಕೆ ಬೊಬ್ರುವಾಡದ ಹುಲ್ಲಿನದು. ಕೊಯ್ಲು ಮುಗಿದ ಸಮಯ. ತವರಿನಲ್ಲಿ ಅಣ್ಣ ಗದ್ದೆ ಮಾಡುತ್ತಾನೆ. ಅಂಕೋಲೆಗೆ ಹೋದವರು ಅವನ ಹುಲ್ಲಿನ ರಾಶಿಯಿಂದ ನಾಲ್ಕು ಕಟ್ಟು ಹುಲ್ಲು ಹೇರಿಸಿಕೊಂಡು ಬಂದರು. ಏತಕ್ಕೆಂದು ಇವರು ಹೇಳಲಿಲ್ಲ, ಅವನೂ ಕೇಳಲಿಲ್ಲ. ಹುಲ್ಲು ಹರಡಿ, ದಿನಾ ಸಂಜೆ ಪೈಪು ಹಿಡಿದು ನೀರು ಬಿಟ್ಟರು. ಹದಿನೈದು ದಿನದಲ್ಲಿ ಪಾತಿಯೆಲ್ಲ ಹಸಿರೋ ಹಸಿರು. ಹುಲ್ಲಿನಲ್ಲಿ ಉಳಿದಿದ್ದ ಭತ್ತ ಮೊಳೆತಿತ್ತು. ಭತ್ತದ ಜೊತೆ ಗದ್ದೆಯಲ್ಲಿದ್ದ ಅಷ್ಟೂ ಜಾತಿಯ ಕಳೆ ಅಂಕೋಲೆಯಿಂದ ಪುಕ್ಕಟೆ ಬಂದು ಹಬ್ಬುವಾಡದಲ್ಲಿ ಇಳಿದಿತ್ತು.

ಮಾಯಿ ಜಗಲಿಯ ಕುರ್ಚಿಯಲ್ಲಿ ಕೂತು ಎರಡು ದಿನ ನೋಡಿದರು. ಮೂರನೆಯ ದಿನ ತಡೆಯಲಾಗಲಿಲ್ಲ.

"ಹುಲ್ಲು ಹಾಕಿ ಹುಲ್ಲು ಬೆಳೆಸೂದಾದ್ರೆ ಒಂದು ಎಮ್ಮೆನೂ ತಂದ್ಬಿಡು ಮಗಾ."

ನಾನು ಅಡುಗೆಮನೆಗೆ ಹೋಗಿ ನಕ್ಕೆ. ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಅವನು ಫೋನಿಗೆ ಇವರನ್ನೇ ಕರೆಸಿ, "ಭಾವಾ, ಹೂಗಿಡಕ್ಕೆ ಅಂತ ಹೇಳೂದಲ್ಲಾ? ನಾನು ಎಂತದೋ ಪ್ಯಾಕಿಂಗಿಗೆ ಅಂದ್ಕಂಡೆ" ಎಂದ. ಇವರು ಎರಡು ದಿನ ಬೊಬ್ರುವಾಡದ ಹೆಸರೆತ್ತಲಿಲ್ಲ.

ಆದರೆ ರಸ್ತೆ ಮಾಡಿಸಿದವರು; ಒಂದು ಸಲ ಕಿತ್ತುಹೋದರೆ ಮತ್ತೆ ತಳದಿಂದ ಹಾಕುವ ಅಭ್ಯಾಸ. ಹುಲ್ಲನ್ನೆಲ್ಲ ತೆಗೆದು ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಿದರು. ಬೇಸಿಗೆಯಿಡೀ ಬೆಳಿಗ್ಗೆ ಬೆಳಿಗ್ಗೆ ಪಾತಿಯ ಮಣ್ಣನ್ನು ಕೈಯಲ್ಲಿ ಜರಡಿ ಹಿಡಿದು ಜೇಕಿನ ಗಡ್ಡೆ ಆರಿಸಿದರು. ಜೇಕನ್ನು ಮೇಲಿಂದ ಕಿತ್ತರೆ ಪ್ರಯೋಜನವಿಲ್ಲ. ಗಡ್ಡೆ ಒಳಗುಳಿದರೆ ಎಂಥ ಹೊದಿಕೆಯನ್ನೂ ಚುಚ್ಚಿಕೊಂಡು ಮೇಲೆ ಬರುತ್ತದೆ. ಯಾವ ಕಳೆಯನ್ನೂ ಬೇರು ತುಂಡಾಗದಂತೆ, ಹೂ ಬಿಡುವ ಮೊದಲೇ ಕೀಳಬೇಕು ಎಂಬುದು ಇವರು ಕಲಿತ ಎರಡನೆಯ ವಿದ್ಯೆ. ಅದಕ್ಕೆಂದೇ ಒಂದು ಮೊಂಡು ಚಾಕುವನ್ನು ನನ್ನ ಅಡುಗೆಮನೆಯಿಂದ ಎತ್ತಿಕೊಂಡು ಹೋದರು. ಅದು ಇನ್ನೂ ವಾಪಸು ಬಂದಿಲ್ಲ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು, ಎರಡನೆಯ ಹೊದಿಕೆ ಬಿತ್ತು. ಈ ಸಲ ಕಡಲ ದಂಡೆಯ ಗಾಳಿಮರದ ಎಲೆ. ಬೆಳಗಿನ ವಾಕಿಂಗಿಗೆ ಹೋದವರು ಅಕ್ಕಿಚೀಲ ಒಯ್ದು, ಮರದ ಬುಡದಲ್ಲಿ ಮೆತ್ತೆಯಾಗಿ ಬಿದ್ದಿರುವ ಆ ಸೂಜಿಯಂಥ ಎಲೆ ತುಂಬಿಸಿಕೊಂಡು ಬಂದರು. ಅದರಲ್ಲಿ ಕಳೆಯ ಬೀಜ ಕಡಿಮೆ, ಒಂದಕ್ಕೊಂದು ಹೆಣೆದುಕೊಂಡು ಕೂರುತ್ತದೆ, ಮಳೆಗೆ ಕೊಚ್ಚಿ ಹೋಗುವುದಿಲ್ಲ. ಮೊದಲು ಹಳೆಯ ಪೇಪರನ್ನು ಒದ್ದೆ ಮಾಡಿ, ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಾಸಿದರು. ಅದರ ಮೇಲೆ ನಾಲ್ಕು ಬೆರಳು ದಪ್ಪ ಎಲೆ. ಗಿಡಗಳ ಬುಡಕ್ಕೆ ತಾಗಿಸಲಿಲ್ಲ, ತಾಗಿದರೆ ಕೊಳೆಯುತ್ತದೆಯಂತೆ. ಕಳೆ ಒಳಗೆ ನುಗ್ಗುವುದು ಅಂಚಿನಿಂದ ಎಂದು ಚಿರೆಕಲ್ಲಿನ ಸಂದಿಗೆಲ್ಲ ಸಿಮೆಂಟು ಮೆತ್ತಿದರು. ಮುಗಿದ ಮೇಲೆ ಕೈ ತೊಳೆದು ನಿಂತು ನೋಡಿದ ರೀತಿಗೆ, ಯಾರಾದರೂ ಬಂದು ರಿಬ್ಬನ್ ಕತ್ತರಿಸುವುದೊಂದೇ ಬಾಕಿ ಎನಿಸಿತು.

ಕೆಲಸ ಚೆನ್ನಾಗಿಯೇ ಆಗಿತ್ತು, ಸುಳ್ಳು ಹೇಳಬಾರದು. ಜೂನಿನ ಮಳೆ ಹೊಡೆಯಿತು. ಓಣಿಯ ಅಂಗಳಗಳೆಲ್ಲ ಹುಲ್ಲು ತುಂಬಿಕೊಂಡವು. ನಮ್ಮ ಪಾತಿ ಮಾತ್ರ ಕಂದು ಬಣ್ಣದ ಚಾಪೆ ಹಾಸಿದ ಹಾಗೆ ಇತ್ತು. ಅದರ ಮೇಲೆ ಆಬೋಲಿ, ಸೇವಂತಿಗೆ ಬಿಟ್ಟರೆ ಒಂದು ಎಲೆ ಎದ್ದಿರಲಿಲ್ಲ. ಆಬೋಲಿ ಎಂದೂ ಇಲ್ಲದಷ್ಟು ಹೂ ಬಿಟ್ಟಿತು. ಮಾಯಿ ನೆಲಕ್ಕೆ ಕುಕ್ಕರಿಸುವ ಮಾತೇ ಇಲ್ಲ. ಕುರ್ಚಿಯಲ್ಲಿ ಕೂತು ರಸ್ತೆ ನೋಡುತ್ತಿದ್ದರು. ರಸ್ತೆ ಮುಗಿದರೆ ಪಾತಿ ನೋಡುತ್ತಿದ್ದರು.

"ಚಂದ ಆಯ್ತಲ್ಲ ಆಯೀ?" ಎಂದು ಇವರು ಒಮ್ಮೆ ಕೇಳಿದರು.

"ಅಡ್ಡಿಲ್ಲ" ಎಂದರು ಮಾಯಿ.

ನಮ್ಮ ಕಡೆ ಅಡ್ಡಿಲ್ಲ ಎಂದರೆ ಹೊಗಳಿಕೆಯೂ ಹೌದು, ಹೇಳುವ ಬಗೆಯಲ್ಲಿ ಬೇರೆಯೂ ಹೌದು. ಇವರು ಹೊಗಳಿಕೆ ಎಂದುಕೊಂಡರು.

ಜುಲೈಯಲ್ಲಿ ತೂತುಗಳು ಶುರುವಾದವು. ಹೊದಿಕೆಯ ಮೇಲೆ, ಮೆಟ್ಟಿಲಿನ ಬದಿಗೆ, ರೂಪಾಯಿ ನಾಣ್ಯದಷ್ಟು ಅಗಲದ ತೂತುಗಳು. ಎಲೆ ಸರಿದು, ಕೆಳಗಿನ ಪೇಪರು ಹರಿದು, ಮಣ್ಣು ಕಾಣುತ್ತಿತ್ತು. ಇವರು ಮುಚ್ಚಿದರು. ನಾಲ್ಕು ದಿನಕ್ಕೆ ಮತ್ತೆ ಆದವು. ಏಡಿ ಇರಬೇಕು ಎಂದರು. ಹಬ್ಬುವಾಡದ ಮನೆಯ ಮೆಟ್ಟಿಲಿಗೆ ಏಡಿ ಏತಕ್ಕೆ ಬರುತ್ತದೆ ಎಂದೆ. ಹೆಗ್ಗಣ ಎಂದರು. ಹೆಗ್ಗಣ ಒಂದು ಗೇಣಿಗೊಂದರಂತೆ ಸಾಲಾಗಿ ತೂತು ತೋಡುತ್ತದೆಯೇ ಎಂದೆ. ಕಾಗೆ ಎಂದರು. ಆಮೇಲೆ ನಾನೇ ಸುಮ್ಮನಾದೆ. ಏಕೆಂದರೆ ಆ ಹೊತ್ತಿಗೆ ನನಗೆ ಜಗಲಿ ಕಡೆಯ ಕಿಟಕಿಯ ಮೇಲೆ ಊರುಗೋಲಿನ ರಬ್ಬರ್ ಟೊಪ್ಪಿ ಸಿಕ್ಕಿತ್ತು.

ಮರುದಿನ ರಜೆ. ಇವರು ಮೀನಿನ ಪೇಟೆಗೆ ಹೋದ ಮೇಲೆ ಬಾಗಿಲ ಸಂದಿಯಿಂದ ನೋಡಿದೆ. ಮಾಯಿ ಜಗಲಿಯ ಕೆಳಗಿನ ಮೆಟ್ಟಿಲಿಗೆ ಇಳಿದು, ಅಲ್ಲಿ ಕೂತು, ಟೊಪ್ಪಿ ಇಲ್ಲದ ಕೋಲನ್ನು ಎರಡು ಕೈಯಲ್ಲಿ ಹಿಡಿದು ಹೊದಿಕೆಯೊಳಗೆ ಒತ್ತಿ ಗಿರ್ರನೆ ತಿರುಗಿಸುತ್ತಿದ್ದರು. ಒಂದು ತೂತು ಮುಗಿದ ಮೇಲೆ ಕೈ ಚಾಚಿ, ಬೆರಳು ಮಣ್ಣಿಗೆ ಮುಟ್ಟುತ್ತದೋ ನೋಡಿದರು. ಮುಟ್ಟಿದ ಮೇಲೆ ಪಕ್ಕಕ್ಕೆ ಇನ್ನೊಂದು. ಎಲ್ಲ ತೂತೂ ಮೆಟ್ಟಿಲಿನಲ್ಲಿ ಕೂತು ಕೈಗೆ ಎಟುಕುವಷ್ಟು ದೂರದಲ್ಲಿ. ನೆಲಕ್ಕೆ ಕುಕ್ಕರಿಸುವ ಕೆಲಸವೇ ಇಲ್ಲದ ಹಾಗೆ. ಡಾಕ್ಟರ ಮಾತನ್ನು ಅವರು ಕೇಳಿಸಿಕೊಂಡೇ ಇಲ್ಲ ಎಂದು ನಾವು ತಿಳಿದಿದ್ದೆವು.

ಆಗ ನನಗೆ ಶ್ರಾವಣ ನೆನಪಾಯಿತು.

ಇವರಿಗೆ ಹೇಳಬಹುದಿತ್ತು. ಹೇಳಿದರೆ, ಟೊಪ್ಪಿ ಇಲ್ಲದ ಕೋಲು ಜಾರಿ ಬಿದ್ದರೆ ಏನು ಗತಿ ಎಂದು ಮನೆಯೆಲ್ಲ ಒಂದು ಮಾಡುವರು, ಅದೂ ನಿಜವೇ. ಹೇಳದಿದ್ದರೆ, ತೂತು ಮುಚ್ಚುತ್ತ ಹೋಗುವರು. ನಾನು ಟೊಪ್ಪಿಯನ್ನು ಕೋಲಿಗೆ ಸಿಕ್ಕಿಸಿ, ಮಾಯಿಯ ಕೈಗೆ ಕೊಟ್ಟು, "ನಡೆಯುವಾಗ ಇದು ಇರಲಿ ಮಾಯಿ. ಕೂತ ಮೇಲೆ ಬೇಕಾದರೆ ತೆಗೆಯಿರಿ" ಎಂದೆ. ಮಾಯಿ ನನ್ನ ಮುಖ ನೋಡಿದರು. "ಹ್ಞಾಂ" ಎಂದರು. ಇವರಿಗೆ, ಮೆಟ್ಟಿಲಿನ ಬದಿಯ ತೂತು ಮುಚ್ಚಬೇಡಿ, ಅಲ್ಲಿ ನೀರು ಇಂಗಲಿ ಎಂದೆ. ನೀರಿನ ಮಾತು ರಸ್ತೆಯವರಿಗೆ ಹಿಡಿಸಿತು.

ಶ್ರಾವಣದ ಮೊದಲ ಶುಕ್ರವಾರಕ್ಕೆ ತೂತುಗಳಲ್ಲಿ ಇನ್ನೂ ಏನೂ ಇರಲಿಲ್ಲ, ಉಗುರಿನಷ್ಟು ಹಸಿರು ಬಿಟ್ಟರೆ. ಇವರು ಪೇಟೆಯಿಂದ ಕಟ್ಟಿದ ಚೂಡಿಯನ್ನೇ ಕೊಂಡು ತಂದರು. ಈಗ ಅದೂ ಸಿಗುತ್ತದೆ. ತಂದವರ ಮುಖದಲ್ಲಿ ಕಷ್ಟ ತಪ್ಪಿಸಿದ ಸಂತೋಷವಿತ್ತು. ಮಾಯಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

"ಇದ್ರಲ್ಲಿ ಗರಿಕೆನೇ ಎರಡು ಎಸಳು. ದಾರ ನೋಡು, ಪ್ಲಾಸ್ಟಿಕ್ಕು. ತುಳಸಿಗೆ ಇಡೂದಾ, ಮದ್ವೆ ಬಸ್ಸಿಗೆ ಕಟ್ಟೂದಾ?"

ನಾನು ಅದನ್ನೇ ಇಟ್ಟು ಪೂಜೆ ಮಾಡಿದೆ. ಓಣಿಯ ಹೆಂಗಸರು ಬಂದರು, ಮಾಯಿಯ ಕುರ್ಚಿಯ ಕಡೆ ನೋಡಿದರು, ಮಾಯಿ ಕಾಲು ನೋವು ಎಂದು ಒಳಗೆ ಹೋಗಿದ್ದರು. ಅವರ ಕಾಲು ಆ ದಿನ ನೋಯುತ್ತಿರಲಿಲ್ಲ. ಬಾಳೆನಾರು ನೆನೆಸಿಟ್ಟ ಬಟ್ಟಲು ಜಗಲಿಯ ಮೂಲೆಯಲ್ಲಿ ಹಾಗೇ ಉಳಿಯಿತು. ಅದರ ನೀರನ್ನು ಚೆಲ್ಲುವಾಗ ನನಗೆ ಅಳು ಬಂತು. ಇವರ ಮೇಲೆ ಸಿಟ್ಟೂ ಬಂತು. ಆದರೆ ಏನೆಂದು ಸಿಟ್ಟು ಮಾಡುವುದು? ತಾಯಿ ಬೀಳಬಾರದು ಎಂದು ಮಗ ಮಾಡಿದ್ದು.

ಅದರ ಮುಂದಿನ ವಾರ ಮಳೆ ಬಿಸಿಲು ಎರಡೂ ಹದವಾಗಿ ಬಂದವು. ತೂತುಗಳಿಂದ ಗರಿಕೆ ಇಣುಕಿತು. ಅದರ ಬದಿಗೆ ಕಾಗೆಯ ಕಣ್ಣು, ಬೆಕ್ಕಿನ ಉಗುರು, ನನಗೆ ಹೆಸರು ಗೊತ್ತಿಲ್ಲದ ಒಂದು ಬಿಳಿ ಚುಕ್ಕೆಯ ಗಿಡ. ಮಾಯಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲಿಗೆ ಇಳಿದು ನೋಡಿ ಬರುತ್ತಿದ್ದರು. ರವಿವಾರ ಕೀಳಲಿಲ್ಲ, ಇನ್ನೂ ಎಳತು ಎಂದರು. ಗುರುವಾರ ಬೆಳಿಗ್ಗೆ ನಾನು ಆಫೀಸಿಗೆ ಹೊರಡುವಾಗ, "ಬರುವಾಗ ಬಾಳೆನಾರು ತಗಂಡು ಬಾ ಗೋ. ಓಣಿಯವರಿಗೂ ಹೇಳು, ನಾಳೆ ನಮ್ಮಲ್ಲಿ ಚೂಡಿ ಉಂಟು" ಎಂದರು. ದನಿಯಲ್ಲಿ ಹಳೆಯ ಗತ್ತಿತ್ತು.

ಹೇಳಿದೆ. ಎಲ್ಲರಿಗೂ ಹೇಳಿದೆ, ಒಬ್ಬರನ್ನು ಬಿಟ್ಟು. ಮನೆಯಲ್ಲೇ ಇರುವವರಿಗೆ ಹೇಳಬೇಕೆಂದು ಯಾರಿಗೂ ತೋರುವುದಿಲ್ಲ.

ಆ ಗುರುವಾರ ಮಧ್ಯಾಹ್ನ ಮಳೆ ಬಿಟ್ಟಾಗ ಇವರು ನನ್ನ ಚಾಕು ಹಿಡಿದು ಪಾತಿಗೆ ಇಳಿದಿದ್ದರು. ಮಾಯಿ ಊಟ ಮಾಡಿ ಮಲಗಿದ್ದರು. ನೀರಿಗೆಂದು ಬಿಟ್ಟ ತೂತುಗಳಲ್ಲಿ ಕಳೆ ಎದ್ದಿದೆ, ಇನ್ನೆರಡು ದಿನ ಬಿಟ್ಟರೆ ಹೂವಾಗಿ ಬೀಜ ಉದುರುತ್ತದೆ, ವರ್ಷದ ಶ್ರಮ ನೀರಿನಲ್ಲಿ ಹೋಮ ಎಂಬುದು ಇವರ ಲೆಕ್ಕ. ಒಂದೊಂದನ್ನೂ ಬೇರು ತುಂಡಾಗದಂತೆ ಬಿಡಿಸಿ ತೆಗೆದು, ಗೊಬ್ಬರದ ಗುಂಡಿಗೆ ಎಸೆದು, ತೂತಿಗೆ ಎಲೆ ತುಂಬಿ, ಕಾಲಿನಲ್ಲಿ ತಟ್ಟಿದರು. ಸಂಜೆ ನಾನು ಬರುವಾಗ ಕತ್ತಲು, ಜಡಿಮಳೆ. ಯಾರೂ ಪಾತಿ ನೋಡಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ತುಳಸಿಯ ಎದುರು ರಂಗೋಲಿ ಹಾಕುತ್ತಿದ್ದೆ. ಮಾಯಿ ಮಿಂದು, ಬಾಳೆನಾರಿನ ಬಟ್ಟಲು ಹಿಡಿದು ಬಂದು, ಕೆಳಗಿನ ಮೆಟ್ಟಿಲಿಗೆ ಕೂತರು. ಕೈ ಚಾಚಿದರು. ಕೈ ಮೊದಲ ಜಾಗಕ್ಕೆ ಹೋಯಿತು, ಎಲೆಯನ್ನು ತಡವಿತು. ಎರಡನೆಯ ಜಾಗಕ್ಕೆ ಹೋಯಿತು. ಮೂರನೆಯದಕ್ಕೆ ಹೋಗಿ ಅಲ್ಲೇ ನಿಂತಿತು. ನನ್ನ ಬೆರಳಿನಿಂದ ರಂಗೋಲಿ ಪುಡಿ ಒಂದೇ ಕಡೆ ಸುರಿಯುತ್ತಿತ್ತು.

ಇವರು ಹಲ್ಲುಜ್ಜುತ್ತ ಜಗಲಿಗೆ ಬಂದರು. "ಎಂತ ಆಯೀ, ಬಳೆ ಬಿತ್ತಾ?"

ಮಾಯಿ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಟ್ಟಲನ್ನು ಮಡಿಲಿನಲ್ಲಿ ಇಟ್ಟುಕೊಂಡು ರಸ್ತೆಯ ಕಡೆ ತಿರುಗಿದರು.

"ಚೂಡಿಗೆ ಬಿಟ್ಟದ್ದು ಅದು" ಎಂದೆ ನಾನು. "ಕೋಲಿನಿಂದ ತೂತು ಮಾಡಿ ಬೆಳೆಸಿದ್ದು ಅವರೇ."

ಇವರು ತಾಯಿಯನ್ನು ನೋಡಿದರು, ಕೋಲು ನೋಡಿದರು, ತಾವೇ ತಟ್ಟಿ ಮುಚ್ಚಿದ ಸಾಲು ನೋಡಿದರು. ಬಾಯಲ್ಲಿದ್ದ ಬ್ರಷ್ಷನ್ನು ಕೈಗೆ ತೆಗೆದುಕೊಂಡು, ಹಿತ್ತಲಿಗೆ ಹೋದರು. ಓಡಿದರು ಎಂದರೂ ಆದೀತು. ಗೊಬ್ಬರದ ಗುಂಡಿಯ ಬದಿಯಲ್ಲಿ ಅವರು ಕೆಮ್ಮುವುದು, ಬಕೆಟ್ಟಿಗೆ ನೀರು ಬೀಳುವುದು ಕೇಳಿಸಿತು. ಬಹಳ ಹೊತ್ತಿನ ಮೇಲೆ ಮೊರದ ತುಂಬ ತೊಳೆದ ಗಿಡ ಹಿಡಿದು ಬಂದರು. ಲುಂಗಿಯೆಲ್ಲ ಕೆಸರು. ರಾತ್ರಿಯ ಮಳೆ ಗುಂಡಿಯ ಮೇಲೆ ಬಿದ್ದು ಗಿಡ ಬಾಡಿರಲಿಲ್ಲ. ಬೇರು ತುಂಡಾಗದಂತೆ ಕೀಳುವ ಆ ವಿದ್ಯೆ ಇಲ್ಲದಿದ್ದರೆ ಬಾಡಿರುತ್ತಿತ್ತೇನೋ.

ಮೊರವನ್ನು ತಾಯಿಯ ಬದಿಗೆ ಮೆಟ್ಟಿಲ ಮೇಲೆ ಇಟ್ಟರು. ಮಾಯಿ ಮೊದಲು ತಿರುಗಿ ನೋಡಲಿಲ್ಲ. ಆಮೇಲೆ ಓರೆಗಣ್ಣಿನಲ್ಲಿ ನೋಡಿದರು. ಆಮೇಲೆ ಕೈ ಮೊರದೊಳಗೆ ಹೋಯಿತು.

"ಇದು ಜೇಕು. ಇದ್ಯಾಕೆ ತಂದೆ? ಇದು ಹೊನ್ನೆ ಮೊಳಕೆ. ಇದು ಹೌದು. ಇದೂ ಹೌದು." ಗರಿಕೆಯ ಎಸಳು ಚಿವುಟಿ ಒಂದು ಕಡೆ ಇಟ್ಟರು. ಬೇರಿನ ಗಂಟನ್ನು ಎತ್ತಿ ಮಗನ ಮುಖಕ್ಕೆ ಹಿಡಿದು, "ಬೇರು ಸೈತ ಕಿತ್ರೆ ರವಿವಾರಕ್ಕೆ ಎಂತ ಮಾಡೂದು? ಮುಂದಿನ ಶುಕ್ರವಾರಕ್ಕೆ? ಹ್ಞಾಂ? ರಸ್ತೆ ಮಾಡ್ದಾಂವ!" ಎಂದರು. ಪೂರಾ ಅಂಕೋಲೆ ಕನ್ನಡ. ನನಗೆ ಜೀವ ಬಂತು.

"ನೆಡ್ತೆ ಆಯೀ" ಎಂದರು ಇವರು.

"ಎಂತ?"

"ವಾಪಸು ನೆಡ್ತೆ."

ತಾಯಿ ತುದಿ ಚಿವುಟಿ ಕೊಟ್ಟ ಬೇರುಗಳನ್ನು ಇವರು ಕೈಯಲ್ಲಿ ಹಿಡಿದುಕೊಂಡರು. ಊರುಗೋಲು ಇಸಿದುಕೊಂಡು, ಟೊಪ್ಪಿ ಕಿತ್ತು ಜೇಬಿಗೆ ಹಾಕಿ, ತಾವೇ ಮುಚ್ಚಿದ ಜಾಗದಲ್ಲಿ ತಾವೇ ಒತ್ತಿ ತಿರುಗಿಸಿದರು. ಪೇಪರು ಹರಿದ ಸದ್ದು ನನಗೂ ಕೇಳಿಸಿತು. ಒಂದೊಂದು ತೂತಿಗೂ ಒಂದೊಂದು ಕಳೆಯನ್ನು ಇಳಿಸಿ, ಬೆರಳಿನಿಂದ ಮಣ್ಣು ಒತ್ತಿ, ಬುಡಕ್ಕೆ ತಾಗದಂತೆ ಸುತ್ತ ಎಲೆ ಸರಿಸಿದರು. ಬುಡ ಕೊಳೆಯಬಾರದಲ್ಲ. ಅಭ್ಯಾಸ ಎಂಬುದು ಬಿಡುವುದಿಲ್ಲ. ಕಳೆ ನೆಡುವಾಗಲೂ ಆಬೋಲಿ ನೆಟ್ಟಷ್ಟೇ ಚೊಕ್ಕ. ಮಾಯಿ ಮೇಲಿನಿಂದ, "ಅಲ್ಲಲ್ಲ, ಇನ್ನೂ ಈಚೆಗೆ. ನನ್ನ ಕೈ ಅಷ್ಟು ಉದ್ದ ಇಲ್ಲ" ಎನ್ನುತ್ತ ಚೂಡಿ ಕಟ್ಟುತ್ತಿದ್ದರು. ಸಾಲು ಮುಗಿಸಿ ಏಳಲು ಹೋದಾಗ ಇವರಿಗೇ ಏಳಲಾಗಲಿಲ್ಲ. ಅರವತ್ತು ದಾಟಿದ ಮೊಣಕಾಲು. ಮಾಯಿ ಕೋಲಿನ ಹಿಡಿಕೆ ಚಾಚಿದರು, ಅದನ್ನು ಹಿಡಿದು ಎದ್ದರು.

ಅಷ್ಟರಲ್ಲಿ ನೆರೆಮನೆಯಾಕೆ ಹರಿವಾಣ ಹಿಡಿದು ಚೂಡಿಗೆಂದು ಗೇಟು ತೆಗೆದು ಬಂದಳು. ಕೆಸರು ಕೈಯಲ್ಲಿ ನಿಂತ ಇವರನ್ನೂ, ಹೊಸದಾಗಿ ನೆಟ್ಟ ಸಾಲನ್ನೂ ನೋಡಿದಳು.

"ಎಂತ ನೆಟ್ರಿ ಭಾವೋಜಿ, ಹೊಸ ಹೂಗಿಡನಾ? ಯಾರದು?"

ಮಾಯಿ ಎಂದಿನಂತೆ ನನ್ನ ಕಡೆ ಕೈ ಎತ್ತಿದ್ದರು. ಬಾಯಿ ತೆರೆಯುವ ಮೊದಲೇ ಇವರು ಹೇಳಿದರು.

"ನಮ್ಮ ಆಯಿದು."

ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಅದು ತಲೆಯ ಹಿಂದಕ್ಕೆ, ತುರುಬಿನ ಕಡೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸೆರಗು ಸರಿ ಮಾಡಿಕೊಂಡು ಕೆಳಗೆ ಬಂತು. ಮಾಯಿ ಕಟ್ಟಿ ಮುಗಿದ ಚೂಡಿಯೊಂದನ್ನು ನೆರೆಮನೆಯಾಕೆಯ ಹರಿವಾಣಕ್ಕೆ ಇಟ್ಟು, "ಹೌದು, ನಂದೇ" ಎಂದರು.